ಬಯಸದೆ ಬಂದ ಮಗುವಿನ ಅನ್ನದ ಹೊಣೆ ಯಾರದು?

ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಎಲ್ಲ ಸಂಗತಿಗಳೂ ಮಾತಿಗೆ ಬರುತ್ತವೆ. ಬದುವಿನ ತಂಟೆ, ಬ್ಯಾಂಕಿನ ಸಾಲ, ಹೊಗೆಸೊಪ್ಪಿನ ದರ, ಮಗಳಿಗೆ ಬಂದ ಸಂಬಂಧ, ಮಗನ ನೌಕರಿ, ಇವೆಲ್ಲವನ್ನೂ ಜಗಲಿಯ ಮೇಲೆ ಕುಳಿತು ಹತ್ತು ಜನರೆದುರು ಚರ್ಚಿಸುತ್ತೇವೆ. ಒಂದು ಸಂಗತಿಯನ್ನು ಮಾತ್ರ ಬಾಗಿಲು ಮುಚ್ಚಿಕೊಂಡು ಪಿಸುಮಾತಿನಲ್ಲಿ ಆಡುತ್ತೇವೆ. ಅದು ಮದುವೆಯಾಗದ ಹೆಣ್ಣುಮಗಳೊಬ್ಬಳು ಗರ್ಭವತಿಯಾದ ಸಂಗತಿ. ಆ ಪಿಸುಮಾತಿನಲ್ಲಿ ಹುಡುಗಿಯ ಹೆಸರು ಬರುತ್ತದೆ. ಹುಡುಗನ ಹೆಸರು ಬರುತ್ತದೆ. ಎರಡು ಮನೆತನಗಳ ಮರ್ಯಾದೆಯ ಪ್ರಶ್ನೆ ಬರುತ್ತದೆ. ಹುಟ್ಟಲಿರುವ ಮಗು ಯಾರ ಅನ್ನ ಉಂಡು ಬೆಳೆಯಬೇಕೆಂಬ ಪ್ರಶ್ನೆಯೊಂದು ಮಾತ್ರ ಬರುವುದಿಲ್ಲ. ಸಮಾಜ ಬಾಂಧವರ ಮುಂದೆ ಆ ಪ್ರಶ್ನೆಯನ್ನೇ ಇರಿಸಬೇಕೆಂಬುದು ನಮ್ಮ ಈ ಲೇಖನದ ಉದ್ದೇಶ.

ಬೈಲಕುಪ್ಪೆಯ ಸುತ್ತಿನ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಬದುಕು ಒಂದು ತಲೆಮಾರಿನಲ್ಲಿ ಬಹಳ ಬದಲಾಗಿದೆ. ಹೆಣ್ಣುಮಕ್ಕಳು ಓದಿಗಾಗಿ, ದುಡಿಮೆಗಾಗಿ ಮೈಸೂರಿಗೆ ನಿತ್ಯ ಬಸ್ಸು ಹತ್ತುತ್ತಾರೆ. ಗಂಡುಮಕ್ಕಳು ಕೊಡಗಿನ ತೋಟಗಳಿಗೂ ಬೆಂಗಳೂರಿನ ಕಾರ್ಖಾನೆಗಳಿಗೂ ಹೋಗುತ್ತಾರೆ. ಹೊರಗೆ ಹೋಗಿ ದುಡಿಯುವುದು ತಪ್ಪಲ್ಲ. ಕಾಯಕವನ್ನು ಕೈಲಾಸವೆಂದು ನಂಬಿದ ನಾವು ಅದನ್ನು ತಪ್ಪೆನ್ನಲಾರೆವು. ಆದರೆ ಹರೆಯದವರು ಕೂಡಿ ದುಡಿಯುವ ಕಡೆ ಪ್ರೀತಿ ಬೆಳೆಯುತ್ತದೆ, ಸಲಿಗೆ ಬೆಳೆಯುತ್ತದೆ, ಒಮ್ಮೊಮ್ಮೆ ಇಬ್ಬರೂ ಎಣಿಸದ ಫಲವೂ ಬರುತ್ತದೆ. ಅದು ಯಾವುದೋ ಊರಿನ, ಯಾವುದೋ ಜಾತಿಯ ಮಾತೆಂದು ತಳ್ಳಿಹಾಕುವಂತಿಲ್ಲ.

ಪಂಚಾಯಿತಿಯ ಕಾಗದ

ಇಂತಹ ಸಂದರ್ಭವೊಂದನ್ನು ಊಹಿಸಿಕೊಳ್ಳೋಣ. ಹುಡುಗನಿಗೆ ಇಪ್ಪತ್ತನಾಲ್ಕು, ತಂದೆಗೆ ನಾಲ್ಕೆಕರೆ ಹೊಲ, ಒಂದು ಬ್ಯಾರನ್, ತಂಬಾಕು ಮಂಡಳಿಯ ಲೈಸೆನ್ಸು. ಹುಡುಗಿಗೆ ಇಪ್ಪತ್ತೊಂದು, ಗಾರ್ಮೆಂಟ್ಸ್ ಕೆಲಸ. ಐದು ತಿಂಗಳಾದ ಮೇಲೆ ವಿಷಯ ಮನೆಯವರಿಗೆ ತಿಳಿಯುತ್ತದೆ. ಹುಡುಗ, "ನನಗೆ ಮದುವೆಯೂ ಬೇಡ, ಮಗುವೂ ಬೇಡ" ಎನ್ನುತ್ತಾನೆ. ಯಜಮಾನರು ಸೇರುತ್ತಾರೆ. ರಾತ್ರಿಯೆಲ್ಲ ಮಾತಾಗಿ, ಹುಡುಗನ ಕಡೆಯವರು ಒಂದು ಲಕ್ಷ ರೂಪಾಯಿ ಕೊಡುವುದೆಂದೂ, ಮುಂದೆ ಹುಡುಗಿಯ ಕಡೆಯವರು ಯಾವ ಹಕ್ಕನ್ನೂ ಕೇಳತಕ್ಕದ್ದಲ್ಲವೆಂದೂ ಛಾಪಾ ಕಾಗದದ ಮೇಲೆ ಬರೆಸಿ, ಎರಡೂ ಕಡೆಯ ಸಹಿ ಹಾಕಿಸುತ್ತಾರೆ. ಊರಿನ ಮಾನ ಉಳಿಯಿತೆಂದು ಎಲ್ಲರೂ ಎದ್ದು ಹೋಗುತ್ತಾರೆ.

ಒಂದು ಲಕ್ಷವೆಂದರೆ ಕೇಳಲು ದೊಡ್ಡ ಮೊತ್ತ. ಆದರೆ ಮಗು ಬೆಳೆದು ಪ್ರಾಯಕ್ಕೆ ಬರಲು ಹದಿನೆಂಟು ವರ್ಷ ಬೇಕು. ಅಂದರೆ 216 ತಿಂಗಳು. ಲೆಕ್ಕ ಹಾಕಿದರೆ ತಿಂಗಳಿಗೆ 463 ರೂಪಾಯಿ ಬೀಳುತ್ತದೆ. ನಮ್ಮ ದೇಶದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಒಂದು ಕಾಲಕ್ಕೆ ಇತ್ತು. ಆ ಮಿತಿಯನ್ನು 2001ರಲ್ಲಿ ಸಂಸತ್ತು ಕಿತ್ತುಹಾಕಿತು. ಎರಡು ದಶಕಗಳಿಗೂ ಹಿಂದೆ ಕಾನೂನೇ ಕೈಬಿಟ್ಟ ಆ ಮಿತಿಗಿಂತಲೂ ಕಡಿಮೆ ಮೊತ್ತಕ್ಕೆ ಇಂದಿನ ಮಗುವಿನ ಹದಿನೆಂಟು ವರ್ಷದ ಅನ್ನ, ಬಟ್ಟೆ, ಔಷಧ, ವಿದ್ಯೆಗಳನ್ನು ಆ ರಾತ್ರಿ ಇತ್ಯರ್ಥ ಮಾಡಿದಂತಾಯಿತು.

ಇನ್ನೊಂದು ಮಾತು. ಆ ಕಾಗದಕ್ಕೆ ಸಹಿ ಹಾಕಿದವರು ಹುಡುಗ, ಹುಡುಗಿ, ಇಬ್ಬರ ತಂದೆಯರು ಮತ್ತು ಸಾಕ್ಷಿಗಳು. ಮಗು ಸಹಿ ಹಾಕಿಲ್ಲ. ಅಪ್ರಾಪ್ತ ಮಗುವಿನ ಜೀವನಾಂಶದ ಹಕ್ಕನ್ನು ತಾಯಿಯಾದವಳೂ ಬರೆದುಕೊಡಲಾರಳು. ಹಾಗೆ ಬರೆದುಕೊಟ್ಟ ಒಪ್ಪಂದವು ಸಾರ್ವಜನಿಕ ನೀತಿಗೆ ವಿರುದ್ಧವಾದುದರಿಂದ 1872ರ ಕರಾರು ಅಧಿನಿಯಮದ 23ನೆಯ ಕಲಂ ಪ್ರಕಾರ ಮಗುವನ್ನು ಕಟ್ಟಿಹಾಕಲಾರದು. ಎಂದರೆ ಪಂಚಾಯಿತಿಯ ಕಾಗದದಿಂದ ಹುಡುಗಿಗೆ ನೆಮ್ಮದಿಯಿಲ್ಲ, ಹುಡುಗನಿಗೂ ಬಿಡುಗಡೆಯಿಲ್ಲ. ಹತ್ತು ವರ್ಷದ ಮೇಲೆ, ಆತನಿಗೆ ಬೇರೆ ಮದುವೆಯಾಗಿ ಮಕ್ಕಳಾದ ಮೇಲೆ, ನ್ಯಾಯಾಲಯದ ನೋಟೀಸು ಮನೆ ಬಾಗಿಲಿಗೆ ಬರಬಹುದು.

ಕಾನೂನು ಹೇಳುವುದೇನು?

ಈ ವಿಷಯದಲ್ಲಿ ಕಾನೂನು ಹೊಸದೇನಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಂನಲ್ಲೇ, ಅನುಕೂಲವುಳ್ಳ ಪುರುಷನು ತನ್ನ ಔರಸ ಅಥವಾ ಅನೌರಸ ಮಗುವನ್ನು ಪೋಷಿಸದಿದ್ದರೆ ದಂಡಾಧಿಕಾರಿಯು ಮಾಸಿಕ ಮೊತ್ತವನ್ನು ಗೊತ್ತುಪಡಿಸಬಹುದೆಂದಿತ್ತು. 1973ರ ಸಂಹಿತೆಯಲ್ಲಿ ಅದು 125ನೆಯ ಕಲಂ ಆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೆಯ ಕಲಂ ಆಗಿದೆ. ಸಂಖ್ಯೆ ಬದಲಾಗಿದೆ, ತತ್ತ್ವ ಬದಲಾಗಿಲ್ಲ. ತಂದೆತಾಯಿಗೆ ಮದುವೆಯಾಗಿತ್ತೋ ಇಲ್ಲವೋ ಎಂಬುದು ಮಗುವಿನ ಊಟಕ್ಕೆ ಅಡ್ಡಬರಕೂಡದು ಎಂಬುದೇ ಆ ತತ್ತ್ವ.

ಇದಲ್ಲದೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವಿದೆ. ಆ ಅಧಿನಿಯಮ ಯಾರಿಗೆ ಅನ್ವಯಿಸುತ್ತದೆಂಬುದನ್ನು ಹೇಳುವ 2ನೆಯ ಕಲಂನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಅಚ್ಚಾಗಿವೆ. ಧರ್ಮದ ಕುರಿತ ಬೇರೆ ಚರ್ಚೆಗಳಿಗೆ ಇದು ಎಡೆಯಲ್ಲ. ಈ ಕಾಯಿದೆ ನಮಗೂ ಅನ್ವಯಿಸುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ. ಅದರ 20ನೆಯ ಕಲಂ ತಂದೆ ತಾಯಿ ಇಬ್ಬರ ಮೇಲೂ ಹೊಣೆ ಹೊರಿಸುತ್ತದೆ. ಮಗು ಔರಸವಾಗಿರಲಿ, ಅನೌರಸವಾಗಿರಲಿ, ಅಪ್ರಾಪ್ತ ವಯಸ್ಸು ಮುಗಿಯುವವರೆಗೆ ತಂದೆಯಿಂದಲೂ ತಾಯಿಯಿಂದಲೂ ಜೀವನಾಂಶ ಕೇಳಬಹುದು. ತಂದೆ ತೀರಿಕೊಂಡರೆ ಆತನ ಆಸ್ತಿಯಿಂದ ಪೋಷಣೆ ಪಡೆಯಬೇಕಾದ ಅವಲಂಬಿತರ ಪಟ್ಟಿಯಲ್ಲಿಯೂ ಅಂತಹ ಅಪ್ರಾಪ್ತ ಮಗನ ಮತ್ತು ಅವಿವಾಹಿತ ಮಗಳ ಹೆಸರಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂಹಿತೆಯ ಆ ಕಲಂನಲ್ಲಿ ಮದುವೆಯಾಗದ ತಾಯಿಗೆ ತನಗಾಗಿ ಏನೂ ದೊರೆಯುವುದಿಲ್ಲ. ಹೆಂಡತಿಗೆ ಮಾತ್ರ ಆ ಹಕ್ಕು. 2005ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೊದಲೇ ಮದುವೆಯಾಗಿದ್ದ ಪುರುಷನನ್ನು ವರಿಸಿದ್ದ ಸ್ತ್ರೀಗೆ ಹೆಂಡತಿಯ ಜೀವನಾಂಶವನ್ನು ನಿರಾಕರಿಸಿ, ಅವಳ ಮಗುವಿನ ಜೀವನಾಂಶವನ್ನು ಮಾತ್ರ ಎತ್ತಿಹಿಡಿಯಿತು. "ಅವಳಿಗೆ ಯಾಕೆ ದುಡ್ಡು ಕೊಡಬೇಕು?" ಎಂದು ಗಂಡಿನ ಕಡೆಯವರು ಕೇಳುವುದುಂಟು. ಕಾನೂನಿನ ಉತ್ತರ ಸರಳವಾಗಿದೆ. ಅವಳಿಗೆ ಕೊಡುತ್ತಿಲ್ಲ. ಅವಳ ಕೈಯ ಮೂಲಕ ಮಗುವಿಗೆ ಕೊಡುತ್ತಿದ್ದೀರಿ.

ಗಂಡಿನ ಕಡೆಯ ಪ್ರಶ್ನೆಗಳು

ಹೀಗೆಂದ ಮಾತ್ರಕ್ಕೆ ಹುಡುಗನ ಪ್ರಶ್ನೆಗಳನ್ನು ನಾವು ಕೇಳಿಸಿಕೊಳ್ಳದಿದ್ದರೆ ಅದೂ ಅನ್ಯಾಯವೇ. ಆತನೂ ಯಾವುದೋ ತಾಯಿಯ ಮಗ. ಅವನ ಮನಸ್ಸಿನಲ್ಲಿ ಸಾಮಾನ್ಯವಾಗಿ ನಾಲ್ಕು ಪ್ರಶ್ನೆಗಳಿರುತ್ತವೆ.

ಮೊದಲನೆಯದು: "ಮಗು ನನ್ನದೇ ಎನ್ನುವುದಕ್ಕೆ ಏನು ಪ್ರಮಾಣ?" ಇದು ನ್ಯಾಯವಾದ ಪ್ರಶ್ನೆ. ಹಕ್ಕು ಕೇಳುವವರೇ ಅದನ್ನು ರುಜುವಾತುಪಡಿಸಬೇಕು. ಆದರೆ ರಕ್ತಪರೀಕ್ಷೆಯನ್ನು ಕೇಳಿದಾಗಲೆಲ್ಲ ಮಾಡಿಸಕೂಡದೆಂದು 1993ರಲ್ಲಿ ಗೌತಮ್ ಕುಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎಚ್ಚರಿಸಿತು. ಮಗುವಿನ ಮೇಲೆ ಕಳಂಕ ತಟ್ಟುವ ಭಯವೇ ಅದಕ್ಕೆ ಕಾರಣ. 2014ರಲ್ಲಿ ನಂದಲಾಲ್ ಬಾಡ್ವಾಯಿಕ್ ಪ್ರಕರಣದಲ್ಲಿ ಡಿ.ಎನ್.ಎ. ಪರೀಕ್ಷೆ ಆ ಪುರುಷನು ತಂದೆಯಲ್ಲವೆಂದು ತೋರಿಸಿದಾಗ, ಮದುವೆಯ ಒಳಗೆ ಹುಟ್ಟಿದ ಮಗುವಾಗಿದ್ದರೂ ಆ ಹೊಣೆಯನ್ನು ಆತನ ಮೇಲೆ ಹೊರಿಸಲಾಗದೆಂದು ಅದೇ ನ್ಯಾಯಾಲಯ ಹೇಳಿತು. ನ್ಯಾಯಾಲಯ ಪರೀಕ್ಷೆಗೆ ಸೂಚಿಸಿದಾಗ ಒಪ್ಪದೆ ಹೋದವರ ವಿರುದ್ಧ ಅನುಮಾನ ತಳೆಯಲು ಅವಕಾಶವಿದೆ. ಸಂದೇಹವಿದ್ದವನಿಗೆ ಹೀಗೆ ದಾರಿ ತೆರೆದಿದೆ. ಆ ದಾರಿ ಹಿಡಿಯದೆ ಹುಡುಗಿಯ ನಡತೆಯನ್ನು ಊರ ಮುಂದೆ ಹರಾಜು ಹಾಕುವುದು ಪ್ರಮಾಣವಲ್ಲ, ನಿಂದೆ.

ಎರಡನೆಯದು: "ಮಗು ಬೇಡವೆಂದು ನಾನು ಹೇಳಿದ್ದೆ, ಅವಳು ತೆಗೆಸಿಕೊಳ್ಳಬಹುದಾಗಿತ್ತು." ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಒಬ್ಬ ಯುವಕ ನ್ಯಾಯಾಲಯಕ್ಕೇ ಒಯ್ದ. ಮಿಷಿಗನ್ ರಾಜ್ಯದ ಆತ 2006ರಲ್ಲಿ, ತನಗೆ ಮಗು ಬೇಡವೆಂದು ಮೊದಲೇ ತಿಳಿಸಿದ್ದೆ, ಗರ್ಭ ನಿಲ್ಲಲಾರದೆಂದು ಆಕೆ ನಂಬಿಸಿದ್ದಳು, ಹೆಣ್ಣಿಗೆ ಗರ್ಭವನ್ನು ಉಳಿಸಿಕೊಳ್ಳುವ ಅಥವಾ ತೆಗೆಸುವ ಆಯ್ಕೆಯಿರುವಾಗ ಗಂಡಿಗೆ ಹೊಣೆಯಿಂದ ಹೊರಬರುವ ಆಯ್ಕೆ ಏಕಿಲ್ಲ ಎಂದು ವಾದಿಸಿದ. ಪತ್ರಿಕೆಗಳಲ್ಲಿ ಬಹಳ ಚರ್ಚೆಯಾಯಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವನ ವಾದವನ್ನು ತಳ್ಳಿಹಾಕಿತು.

ನಮ್ಮ ದೇಶದಲ್ಲಿ 1971ರ ವೈದ್ಯಕೀಯ ಗರ್ಭಸಮಾಪ್ತಿ ಅಧಿನಿಯಮವಿದೆ. ಪ್ರಾಪ್ತವಯಸ್ಕಳಾದ ಸ್ತ್ರೀಯ ಒಪ್ಪಿಗೆಯೊಂದೇ ಅದಕ್ಕೆ ಸಾಕು. ಗಂಡನ ಅಥವಾ ತಂದೆಯ ಸಹಿ ಬೇಕಿಲ್ಲ. 2021ರ ತಿದ್ದುಪಡಿಯ ಬಳಿಕ, 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಅವಿವಾಹಿತೆಯರಿಗೂ ವಿವಾಹಿತೆಯರಷ್ಟೇ ಹಕ್ಕಿದೆಯೆಂದು ತೀರ್ಪಿತ್ತಿತು. ಹಾಗಿದ್ದ ಮೇಲೆ ನಿರ್ಧಾರ ಅವಳೊಬ್ಬಳದು, ಹೊಣೆ ಇಬ್ಬರದು ಎಂಬುದು ಸರಿಯೇ ಎಂದು ಹುಡುಗ ಕೇಳಿದರೆ, ಅದರಲ್ಲಿ ಒಂದು ಅಸಮತೆ ಇದೆಯೆಂಬುದನ್ನು ನಾವು ಒಪ್ಪಬೇಕು. ಆದರೆ ಆ ಅಸಮತೆ ಕಾನೂನಿನಿಂದ ಹುಟ್ಟಿದ್ದಲ್ಲ, ದೇಹದಿಂದ ಹುಟ್ಟಿದ್ದು. ಒಂಬತ್ತು ತಿಂಗಳು ಹೊರುವವಳು ಅವಳು, ಹೆರಿಗೆಯ ಅಪಾಯ ಅವಳದು, ಗರ್ಭ ತೆಗೆಸಿದರೆ ಅದರ ನೋವೂ ಅವಳದು. ಗಂಡಿನ ನಿರ್ಧಾರದ ಗಳಿಗೆ ಅದಕ್ಕೆ ಮುಂಚೆಯೇ ಬಂದು ಹೋಗಿರುತ್ತದೆ. ಮಗು ಹುಟ್ಟಿದ ಮೇಲೆ ಉಳಿಯುವುದು ಗಂಡು ಹೆಣ್ಣಿನ ವ್ಯಾಜ್ಯವಲ್ಲ. ಹಸಿದ ಒಂದು ಜೀವ. ಇಬ್ಬರು ದೊಡ್ಡವರ ನಡುವಿನ ಅಸಮತೆಯ ಬೆಲೆಯನ್ನು ಯಾರಾದರೂ ತೆರಲೇಬೇಕೆಂದಾದರೆ, ಮೂವರಲ್ಲಿ ತೊಟ್ಟಿಲಲ್ಲಿರುವವರ ಮೇಲೆ ಅದನ್ನು ಹೊರಿಸುವುದು ಯಾವ ನ್ಯಾಯವೂ ಅಲ್ಲ.

ಮೂರನೆಯದು: "ಅವಳು ಮಗುವನ್ನು ದತ್ತು ಕೊಟ್ಟು ಬಿಡುಗಡೆ ಹೊಂದಬಹುದು, ನನಗೆ ಆ ದಾರಿಯಿಲ್ಲ." 2015ರ ಬಾಲನ್ಯಾಯ ಕಾಯಿದೆಯಂತೆ ಸಾಕಲಾರದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಾಯಿಸಲು ಎರಡು ತಿಂಗಳ ಅವಧಿಯಿದೆ. ಆದರೆ ಮಗು ದತ್ತು ಹೋದ ಮೇಲೆ ಹೊಣೆ ಇಳಿಯುವುದು ತಾಯಿಗೆ ಮಾತ್ರವಲ್ಲ, ತಂದೆಗೂ. ಹಾಗೆಂದು ಮಗುವನ್ನು ಒಪ್ಪಿಸೆಂದು ಅವಳನ್ನು ಬಲವಂತಪಡಿಸುವ ಹಕ್ಕು ಯಾರಿಗೂ ಇಲ್ಲ.

ನಾಲ್ಕನೆಯದನ್ನು ಹುಡುಗನಿಗಿಂತ ಅವನ ತಂದೆ ಹೆಚ್ಚಾಗಿ ಕೇಳುತ್ತಾರೆ: "ಇಂದು ತಿಂಗಳ ದುಡ್ಡೆಂದರೆ, ನಾಳೆ ಹೊಲದಲ್ಲಿ ಪಾಲು ಕೇಳುವುದಿಲ್ಲವೇ?" ಎಷ್ಟೋ ಮನೆಗಳು ಮಗುವನ್ನು ಒಪ್ಪಿಕೊಳ್ಳದಿರುವುದಕ್ಕೆ ಈ ಭಯವೂ ಒಂದು ಕಾರಣ. ಆದುದರಿಂದ ಇದನ್ನು ಬಿಡಿಸಿ ಹೇಳಬೇಕು. ಜೀವನಾಂಶ ಬೇರೆ, ಆಸ್ತಿಯ ಪಾಲು ಬೇರೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ದೃಷ್ಟಿಯಲ್ಲಿ ಮದುವೆಯೇ ಇಲ್ಲದೆ ಹುಟ್ಟಿದ ಮಗು ತಾಯಿಯ ಕಡೆಯ ಸಂಬಂಧಿ. ಜೀವನಾಂಶ ಕೊಟ್ಟ ಮಾತ್ರಕ್ಕೆ ಆ ಮಗುವಿಗೆ ತಂದೆಯ ಹೊಲದಲ್ಲಿ ಪಾಲು ಹುಟ್ಟುವುದಿಲ್ಲ. ಮದುವೆ ನಡೆದು ಅದು ಕಾನೂನಿನಲ್ಲಿ ಅಸಿಂಧುವಾದಾಗಿನ ಮಾತು ಬೇರೆ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಪ್ರಕರಣದಲ್ಲಿ, 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಎತ್ತಿದ ಪ್ರಶ್ನೆಗೆ 2023ರ ಸೆಪ್ಟೆಂಬರ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು. ಅಸಿಂಧು ವಿವಾಹದ ಮಕ್ಕಳು ತಮ್ಮ ತಂದೆತಾಯಿಯ ಆಸ್ತಿಗೆ, ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರಬಹುದಾಗಿದ್ದ ಪಾಲೂ ಸೇರಿದಂತೆ, ಹಕ್ಕುದಾರರು; ಆದರೆ ಆ ಕಾರಣಕ್ಕೆ ಅವರು ಕುಟುಂಬದ ಸಮಾಂಶಿಗಳಾಗುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಮೊದಲ ಹೆಂಡತಿಯಿರುವಾಗಲೇ ಗುಟ್ಟಾಗಿ ತಾಳಿ ಕಟ್ಟುವ ಮಂದಿ ಇದನ್ನು ನೆನಪಿಡುವುದು ಒಳಿತು.

ನ್ಯಾಯವಾದ ಮೊತ್ತ ಎಷ್ಟು?

ಹೊಣೆ ಇದೆಯೆಂದು ಒಪ್ಪಿದ ಮೇಲೆ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಕಾನೂನಿನಲ್ಲಿ ಇಷ್ಟೇ ಎಂಬ ದರಪಟ್ಟಿಯಿಲ್ಲ. ಮಗುವಿನ ಅಗತ್ಯವನ್ನೂ ತಂದೆತಾಯಿಯರ ಶಕ್ತಿಯನ್ನೂ ತೂಗಿ ನೋಡಬೇಕು. ತಾಯಿಯೂ ದುಡಿಯುತ್ತಿದ್ದರೆ ಅವಳ ಪಾಲೂ ಇದೆ. ಪದ್ಮಜಾ ಶರ್ಮಾ ಪ್ರಕರಣದಲ್ಲಿ 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ತಂದೆತಾಯಿಯರ ಸಂಬಳಗಳನ್ನು ನೋಡಿ, ಮಕ್ಕಳ ವೆಚ್ಚವನ್ನು ತಂದೆ ಎರಡು ಪಾಲು, ತಾಯಿ ಒಂದು ಪಾಲು ಭರಿಸಬೇಕೆಂದಿತು. ಗಂಡಿನಿಂದ ಎಷ್ಟಾದರಷ್ಟು ಕೀಳುವುದು ಕಾನೂನಿನ ಉದ್ದೇಶವಲ್ಲವೆಂಬುದಕ್ಕೆ ಇದು ಸಾಕ್ಷಿ.

ಸಂಬಳದವನ ಲೆಕ್ಕ ಸುಲಭ, ಬೇಸಾಯಗಾರನದು ಕಷ್ಟ. ನಮ್ಮ ಸೀಮೆಯಲ್ಲಿ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ. ಹೊಗೆಸೊಪ್ಪು ಹದವಾಗಿ, ಹರಾಜು ಮಾರುಕಟ್ಟೆಗೆ ಹೋಗಿ, ಬೇಲು ಮಾರಾಟವಾದ ಮೇಲೆ ಬರುತ್ತದೆ. ಬಂದದ್ದರಲ್ಲಿ ಸೌದೆಯ ಖರ್ಚು, ಗೊಬ್ಬರದ ಸಾಲ, ಕೂಲಿ ಎಲ್ಲ ಕಳೆಯಬೇಕು. ಇದನ್ನರಿತೇ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಆದಾಯ ಮತ್ತು ಆಸ್ತಿಯ ವಿವರಗಳ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಬೇಕೆಂದು ವಿಧಿಸಿದಾಗ, ಬೇಸಾಯದವರಿಗೆಂದೇ ಪ್ರತ್ಯೇಕ ನಮೂನೆಯನ್ನು ಕೊಟ್ಟಿತು. ಜಮೀನಿನ ವಿಸ್ತೀರ್ಣ, ಬೆಳೆ, ಸಾಲ ಎಲ್ಲಕ್ಕೂ ಅದರಲ್ಲಿ ಸ್ಥಳವಿದೆ. "ನನಗೇನೂ ಆದಾಯವಿಲ್ಲ" ಎಂಬ ಮಾತು ಇಲ್ಲಿ ನಿಲ್ಲಲಾರದು; ಪಹಣಿಯೂ ತಂಬಾಕು ಮಂಡಳಿಯ ಮಾರಾಟದ ದಾಖಲೆಯೂ ಬ್ಯಾಂಕಿನ ಪಾಸ್‌ಬುಕ್ಕೂ ಮಾತಾಡುತ್ತವೆ. ಹಾಗೆಯೇ, ಹುಡುಗನಿಗೆ ಎಕರೆಗಟ್ಟಲೆ ಆದಾಯವಿದೆಯೆಂದು ಹುಡುಗಿಯ ಕಡೆಯವರು ಉಬ್ಬಿಸಿ ಹೇಳಿದರೂ ಅದೇ ದಾಖಲೆಗಳು ಸತ್ಯ ಹೇಳುತ್ತವೆ.

ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದು ಆ ತೀರ್ಪು ಹೇಳಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ಜಾರಿಯಾದ ಅರವತ್ತು ದಿನಗಳೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂಬ ನಿಯಮವೂ ಇದೆ. ಆದೇಶವಾದ ಮೇಲೂ ಕೊಡದಿದ್ದರೆ ವಾರಂಟು ಹೊರಡಿಸಿ ವಸೂಲು ಮಾಡಬಹುದು, ಸೆರೆಮನೆಗೂ ಕಳುಹಿಸಬಹುದು. ಸೆರೆಮನೆಯಲ್ಲಿದ್ದು ಬಂದರೆ ಬಾಕಿ ತೀರಿತೆಂದು ತಿಳಿಯಬಾರದೆಂದು 1989ರಲ್ಲೇ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಬಾಕಿಯ ವಸೂಲಿಗೆ ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದನ್ನು ತಾಯಂದಿರು ಮರೆಯಬಾರದು.

ತಂದೆಯ ಹೆಸರು ಮುಚ್ಚಿಹೋದಲ್ಲಿ

ಈ ಹೊಣೆಯನ್ನು ಯಾರೂ ಕೇಳದೆ ಹೋದರೆ ಏನಾಗುತ್ತದೆಂಬುದನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಕಬಿನಿ ಹುಟ್ಟುವ ವಯನಾಡು ನಮ್ಮ ಹೆಗ್ಗಡದೇವನಕೋಟೆಯ ನೆರೆಯದು. ಅಲ್ಲಿ ಆದಿವಾಸಿ ಅವಿವಾಹಿತ ತಾಯಂದಿರ ಸಂಕಟ ದಶಕಗಳಿಂದ ಕೇರಳದ ಸಾರ್ವಜನಿಕ ಚರ್ಚೆಯಲ್ಲಿದೆ. ಹೊರಗಿನಿಂದ ಬಂದವರು ಮದುವೆಯ ಮಾತು ಕೊಟ್ಟು, ಮಗುವಾದ ಮೇಲೆ ಕಾಣೆಯಾದ ಕಥೆಗಳೇ ಅವುಗಳಲ್ಲಿ ಅನೇಕ. ಕೇರಳ ಸರಕಾರ 'ಸ್ನೇಹಸ್ಪರ್ಶಂ' ಎಂಬ ಯೋಜನೆಯಲ್ಲಿ ಅವಿವಾಹಿತ ತಾಯಂದಿರಿಗೆ ಮಾಸಾಶನ ಗೊತ್ತುಮಾಡಿತು. ಅದು ಮೆಚ್ಚತಕ್ಕ ಕಾರ್ಯ. ಆದರೆ ತಂದೆಯಾದವನು ಕೊಡಬೇಕಾದುದನ್ನು ಸರಕಾರದ ಬೊಕ್ಕಸ ಕೊಡುತ್ತಿದೆ. ಆತ ಎಲ್ಲಿಯೋ ನಿಶ್ಚಿಂತನಾಗಿದ್ದಾನೆ.

ನಮ್ಮ ಕಡೆಯ ಹಾಡಿಗಳ ಹೆಣ್ಣುಮಕ್ಕಳಿಗೂ ಇದು ತಿಳಿದಿರಬೇಕಾದ ವಿಷಯ. ಪರಿಶಿಷ್ಟ ಪಂಗಡದವರಿಗೆ 1956ರ ಹಿಂದೂ ಕಾಯಿದೆಗಳು, ಕೇಂದ್ರ ಸರಕಾರ ಪ್ರತ್ಯೇಕವಾಗಿ ಪ್ರಕಟಿಸಿದ ಹೊರತು, ಅನ್ವಯಿಸುವುದಿಲ್ಲ. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ ಜಾತಿ, ಧರ್ಮ, ಪಂಗಡ ಯಾವುದನ್ನೂ ಕೇಳುವುದಿಲ್ಲ. ಜೇನುಕುರುಬರ ಮಗುವಿಗೂ, ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟ್ಟಿನ ಬಂಧುಗಳ ಮಗುವಿಗೂ, ನಮ್ಮ ಮನೆಯ ಮಗುವಿಗೂ ಅದು ಒಂದೇ. ಹಾಡಿಯ ಹುಡುಗಿಯೊಬ್ಬಳನ್ನು ನಮ್ಮ ತೋಟದ ಕೆಲಸಕ್ಕೆ ಕರೆತಂದು, ನಮ್ಮ ಮನೆಯ ಹುಡುಗನೇ ಅವಳ ಮಗುವಿಗೆ ತಂದೆಯಾದರೆ, ಬಡವರೆಂದು ಹತ್ತು ಸಾವಿರ ಕೊಟ್ಟು ಕಳುಹಿಸುವ ಅಧಿಕಾರ ನಮಗಿಲ್ಲ.

ಹುಡುಗಿಗೆ ಹದಿನೆಂಟು ತುಂಬದಿದ್ದರೆ

ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ ಮೇಲಿನ ಯಾವ ರಾಜಿಗೂ ಎಡೆಯಿಲ್ಲ. 2012ರ ಪೋಕ್ಸೋ ಕಾಯಿದೆಯಂತೆ ಅದು ಅಪರಾಧ. ತಿಳಿದ ವೈದ್ಯರೂ ಪೊಲೀಸರಿಗೆ ತಿಳಿಸಲೇಬೇಕು. ತರಾತುರಿಯಲ್ಲಿ ಮದುವೆ ಮಾಡಿ ಮುಗಿಸೋಣವೆಂದರೆ ಅದೂ ಆಗದು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದ ಅಂತಹ ಮದುವೆ ಆರಂಭದಿಂದಲೇ ಅಸಿಂಧು. ಆದರೂ ಅದರಿಂದ ಹುಟ್ಟಿದ ಮಗುವಿನ ಕೈಯನ್ನು ಕಾನೂನು ಬಿಟ್ಟಿಲ್ಲ. ಮದುವೆಯ ಪಕ್ಷಗಾರರಿಂದ ಮಾತ್ರವಲ್ಲ, ಅವರ ತಂದೆತಾಯಿಯರಿಂದ ಅಥವಾ ಪೋಷಕರಿಂದಲೂ ಮಗುವಿಗೆ ಜೀವನಾಂಶ ಕೊಡಿಸಲು ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರವಿದೆ. ಬಾಲ್ಯವಿವಾಹಕ್ಕೆ ಮುಂದಾಗುವ ಹಿರಿಯರು ತಮ್ಮ ಮೇಲೂ ಹೊಣೆ ಬರಬಹುದೆಂಬುದನ್ನು ತಿಳಿದಿರಲಿ.

ನಮ್ಮ ಮನೆಗಳು ಮಾಡಬೇಕಾದುದು

ಹೆಣ್ಣಿನ ತಂದೆತಾಯಿಗೆ ನಮ್ಮ ಮೊದಲ ಮಾತು. ಮಗಳನ್ನು ಹೊರದೂಡಬೇಡಿರಿ. ತಾಯಿ ಕಾರ್ಡು ಮಾಡಿಸಿರಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮದುವೆಯ ಆಸೆಯಿಂದ ಹುಡುಗನ ಮನೆಯ ಬಾಗಿಲಲ್ಲಿ ವರ್ಷಗಟ್ಟಲೆ ಕಾಯುತ್ತಾ ಮಗುವಿನ ಹಕ್ಕನ್ನು ಕಳೆಯಬೇಡಿರಿ. ಮದುವೆಯಾಗದಿದ್ದರೂ ಆ ಹಕ್ಕು ಇದೆ. ವಂಚನೆಯ ದೂರು ಕೊಡುವುದಿದ್ದರೆ ಅದು ಬೇರೆ ದಾರಿ. ಅದನ್ನು ಬೆದರಿಕೆಗೆ ಬಳಸಿ ದುಡ್ಡು ಕೇಳುವುದು ಮಗುವ ನ್ಯಾಯವನ್ನೇ ಅಗ್ಗ ಮಾಡುತ್ತದೆ. ಜನನ ಪತ್ರಕ್ಕೆ ತಂದೆಯ ಹೆಸರಿಲ್ಲವೆಂದು ಕೈಚೆಲ್ಲಬೇಕಿಲ್ಲ. ಅವಿವಾಹಿತ ತಾಯಿ ತಂದೆಯ ಹೆಸರನ್ನು ಹೇಳದೆಯೂ ಮಗುವಿನ ಪಾಲಕಳಾಗಬಹುದು, ಜನನ ಪತ್ರ ಪಡೆಯಬಹುದು ಎಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ವಕೀಲರ ಶುಲ್ಕದ ಭಯವೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಹೆಣ್ಣುಮಕ್ಕಳಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿರಿ. 15100 ಸಂಖ್ಯೆಗೆ ದೂರವಾಣಿ ಮಾಡಿದರೂ ದಾರಿ ತೋರಿಸುತ್ತಾರೆ.

ಗಂಡಿನ ತಂದೆತಾಯಿಗೆ ಎರಡನೆಯ ಮಾತು. ಮಗನನ್ನು ಅಡಗಿಸಿಡುವುದು, ದೂರದ ಊರಿಗೆ ಕಳುಹಿಸುವುದು, ಅವಸರದಲ್ಲಿ ಬೇರೆ ಹೆಣ್ಣಿನೊಡನೆ ಮದುವೆ ಮಾಡುವುದು ಇವು ಮಗನನ್ನು ಉಳಿಸುವ ದಾರಿಗಳಲ್ಲ. ಇನ್ನೊಂದು ಹೆಣ್ಣುಮಗಳನ್ನೂ ಅದೇ ಕಷ್ಟಕ್ಕೆ ಎಳೆಯುವ ದಾರಿಗಳು. ಸಂದೇಹವಿದ್ದರೆ ಪರೀಕ್ಷೆಗೆ ಒಪ್ಪಿರಿ. ಸಂದೇಹವಿಲ್ಲದಿದ್ದರೆ ಶಕ್ತಿಯಿದ್ದಷ್ಟನ್ನು ತಿಂಗಳು ತಿಂಗಳೂ, ಬೆಳೆಯ ದುಡ್ಡಾದರೆ ವರ್ಷಕ್ಕೊಮ್ಮೆ ಮಗುವಿನ ಹೆಸರಿನ ಬ್ಯಾಂಕಿನ ಖಾತೆಗೆ ಕಟ್ಟಿರಿ. ನ್ಯಾಯಾಲಯದ ಮುಂದೆ ದಾಖಲಾದ ಒಪ್ಪಂದವಾದರೆ ಎರಡೂ ಕಡೆಗೆ ಭದ್ರ. ಕೊಡುವ ತಂದೆ ಮಗುವನ್ನು ನೋಡಬೇಕೆಂದು ಬಯಸಿದರೆ ಅದನ್ನು ನ್ಯಾಯಾಲಯದಲ್ಲಿ ಕೇಳಬಹುದು. ಮಗುವಿನ ಹಿತವೇ ಅಲ್ಲಿ ಅಳತೆಗೋಲು. ಕೊಡುವುದಕ್ಕೆ ಮಾತ್ರ ಬೇಕು, ನೋಡುವುದಕ್ಕೆ ಬೇಡವೆಂದು ಹೆಣ್ಣಿನ ಕಡೆಯವರು ಹಟ ಹಿಡಿಯುವುದೂ ತರವಲ್ಲ.

ಯಜಮಾನರಾಗಿ ಪಂಚಾಯಿತಿಗೆ ಕೂರುವವರಿಗೆ ಕೊನೆಯ ಮಾತು. ಇಬ್ಬರ ಮಾನವನ್ನು ಕಾಯುವ ಮುನ್ನ ಮೂರನೆಯವರ ಅನ್ನವನ್ನು ಮೊದಲು ಲೆಕ್ಕ ಹಾಕಿರಿ. ಹದಿನೆಂಟು ವರ್ಷ, 216 ತಿಂಗಳು ಎಂಬ ಸಂಖ್ಯೆಯನ್ನು ಮುಂದಿರಿಸಿಕೊಂಡು ಮಾತಾಡಿರಿ. ಹಕ್ಕು ಬಿಟ್ಟುಕೊಡುವ ಕಾಗದ ಬರೆಸಬೇಡಿರಿ. ಬರೆಸಿದರೂ ಅದು ನಿಲ್ಲುವುದಿಲ್ಲ.

ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನ ಸೂತಕ ಅವುಗಳಲ್ಲಿ ಒಂದು. ಹುಟ್ಟಿನಲ್ಲಿ ಮೈಲಿಗೆ ಇಲ್ಲವೆಂದು ಒಪ್ಪಿದ ಸಮಾಜ ನಮ್ಮದು. ಅಂದ ಮೇಲೆ ಯಾವುದೇ ಮಗುವನ್ನು ಕೀಳೆನ್ನುವ ಬಾಯಿ ನಮಗಿರಬಾರದು. ದಾಸೋಹದಲ್ಲಿ ಅಪರಿಚಿತನಿಗೂ ಎಡೆ ಹಾಕುವ ನಾವು, ನಮ್ಮದೇ ರಕ್ತದ ಕೂಸಿಗೆ ಎಡೆ ಹಾಕಲು ಹಿಂದೆಗೆದರೆ ಆ ದಾಸೋಹಕ್ಕೆ ಅರ್ಥ ಕಡಿಮೆಯಾಗುತ್ತದೆ. ಹಾಗೆಂದು ಮಗುವಿಗೆ ಕೊಡುವ ಜೀವನಾಂಶ ದಾನವೂ ಅಲ್ಲ, ದಾಸೋಹವೂ ಅಲ್ಲ. ಅದು ತೀರಿಸಬೇಕಾದ ಋಣ. ದಂಡವೆಂದು ಗೊಣಗುತ್ತಾ ಕೊಡುವವನ ಮಗುವಿಗೂ ಊಟ ಸಿಗುತ್ತದೆ. ಋಣವೆಂದು ಅರಿತು ಕೊಡುವವನ ಮಗುವಿಗೆ ಊಟದ ಜೊತೆಗೆ ಒಬ್ಬ ತಂದೆಯೂ ಸಿಗಬಹುದು. ನಮ್ಮ ಮನೆಗಳ ಹುಡುಗರಿಗೆ, ಮೀಸೆ ಚಿಗುರುವ ವಯಸ್ಸಿನಲ್ಲಿಯೇ, ಈ ಮಾತನ್ನು ಬಾಗಿಲು ತೆರೆದಿಟ್ಟು ಹೇಳೋಣ.